ಕೊಳವೆ ಇಳಿಯುವ ತನಕ

ನನ್ನ ಕುತ್ತಿಗೆಯಲ್ಲಿದ್ದ ಗಡ್ಡೆಗೆ ನನ್ನ ಮಗ ಲಿಂಗರಾಜುವಿಗಿಂತ ವಯಸ್ಸು ಜಾಸ್ತಿ. ಅವನು ಹೊಟ್ಟೆಯಲ್ಲಿದ್ದಾಗಲೇ ಅದು ಗೋಲಿಯಷ್ಟಿತ್ತು. ಅವನ ಮದುವೆ ಹೊತ್ತಿಗೆ ನಿಂಬೆಹಣ್ಣಿನಷ್ಟಾಯಿತು, ಮೊಮ್ಮಗಳು ಶಾಲೆಗೆ ಸೇರುವ ಹೊತ್ತಿಗೆ ಮೂಸಂಬಿಯಷ್ಟು. ನೋವಿರಲಿಲ್ಲ. ಸೆರಗು ಸ್ವಲ್ಪ ಮೇಲೆಳೆದುಕೊಂಡರೆ ಯಾರಿಗೂ ಕಾಣುತ್ತಿರಲಿಲ್ಲ. ಲಷ್ಕರ್ ಮೊಹಲ್ಲಾದ ವಠಾರದಲ್ಲಿ ಕೂತು ಊದುಬತ್ತಿ ಹೊಸೆಯುವವಳು ಕುತ್ತಿಗೆ ಬಗ್ಗಿಸಿಕೊಂಡೇ ಇರಬೇಕು, ಎತ್ತಿ ಯಾರಿಗೆ ತೋರಿಸಬೇಕಿತ್ತು? ನಮ್ಮವ್ವನಿಗೂ ಇತ್ತು. ಅವಳು ಅದನ್ನು ಇಟ್ಟುಕೊಂಡೇ ಬದುಕಿದಳು, ಇಟ್ಟುಕೊಂಡೇ ಹೋದಳು. ನಾನೂ ಹಾಗೆಯೇ ಅಂದುಕೊಂಡಿದ್ದೆ.

ಈ ಸಲ ಯುಗಾದಿ ಕಳೆದ ಮೇಲೆ, ಮಲಗಿದರೆ ಉಸಿರು ಸಿಳ್ಳೆ ಹೊಡೆಯಲು ಶುರುವಾಯಿತು. ಅಂಗಾತ ಮಲಗಿದರೆ ಯಾರೋ ಎದೆಯ ಮೇಲೆ ಕೂತು ಗಂಟಲು ಅಮುಕಿದ ಹಾಗೆ. ಗೋಡೆಗೆ ದಿಂಬು ಒರಗಿಸಿ ಕೂತೇ ನಿದ್ದೆ ಮಾಡುವುದು ಅಭ್ಯಾಸವಾಯಿತು. ನಮ್ಮ ಯಜಮಾನರು ಆಗಾಗ ಎದ್ದು ಬಂದು ನನ್ನ ಮೂಗಿನ ಮುಂದೆ ಅಂಗೈ ಹಿಡಿದು ನೋಡುತ್ತಿದ್ದರು.

"ಏನ್ರೀ ಇದು?" ಅಂದರೆ, "ಗಾಳಿ ಐತಾ ಅಂತ ನೋಡ್ದೆ, ಮಲಿಕ್ಕೊ" ಅನ್ನುತ್ತಿದ್ದರು.

ಜೀವಮಾನವೆಲ್ಲ ಸೈಕಲ್ ಅಂಗಡಿಯಲ್ಲಿ ಟ್ಯೂಬುಗಳಿಗೆ ಗಾಳಿ ಹೊಡೆದ ಮನುಷ್ಯ. ಅವರ ಭಯವೂ ಅದೇ ಭಾಷೆಯಲ್ಲಿ ಬರುತ್ತಿತ್ತು.

ಕೊನೆಗೆ ಸೊಸೆ ವಾಣಿ ಹಟ ಹಿಡಿದು ಆಸ್ಪತ್ರೆಗೆ ಕರೆದುಕೊಂಡು ಹೋದಳು. ಗಡ್ಡೆ ತೆಗೆಯಲೇಬೇಕು ಅಂದರು ಆಪರೇಷನ್ ಮಾಡುವ ರುದ್ರಸ್ವಾಮಿ ಡಾಕ್ಟರು. ವಾರ್ಡಿನಲ್ಲಿ ಮಂಚ ಕೊಟ್ಟರು. ಆಪರೇಷನ್ನಿನ ಹಿಂದಿನ ದಿನ ಮಧ್ಯಾಹ್ನ ಇನ್ನೊಬ್ಬ ಡಾಕ್ಟರು ಬಂದರು, ಆಪರೇಷನ್ನಿಗೆ ಮುಂಚೆ ಮತ್ತು ಬರಿಸುವವರು. ಮಧುಶ್ರೀ ಅಂತ ಹೆಸರು. ನಮ್ಮ ವಾಣಿಯ ವಯಸ್ಸೇ ಇದ್ದೀತು.

"ಬಾಯಿ ಅಗಲಿಸಿ ಅಜ್ಜಿ. ಇನ್ನೂ ಸ್ವಲ್ಪ. ನಾಲಿಗೆ ಚಾಚಿ. ಈಗ ತಲೆ ಹಿಂದಕ್ಕೆ ಹಾಕಿ."

ತಲೆ ಹಿಂದಕ್ಕೆ ಹಾಕಿದ ಕೂಡಲೇ ಸಿಳ್ಳೆ ಎದ್ದಿತು. ಆಕೆ ಬೇಗನೆ ನನ್ನ ತಲೆ ಎತ್ತಿ ಹಿಡಿದರು. ಆಮೇಲೆ ಮಂಚದ ತುದಿಯಲ್ಲಿ ಕೂತು, ಸ್ಕ್ಯಾನಿಂಗ್ ಮಾಡಿದ ಚಿತ್ರವನ್ನು ಬೆಳಕಿಗೆ ಹಿಡಿದು ತೋರಿಸಿದರು.

"ಇದು ನಿಮ್ಮ ಉಸಿರಿನ ಕೊಳವೆ. ನೆಟ್ಟಗಿರಬೇಕಿತ್ತು. ಗಡ್ಡೆ ಒತ್ತಿ ಒತ್ತಿ ಹೆಂಗೆ ಪಕ್ಕಕ್ಕೆ ಸರಿದಿದೆ ನೋಡಿ. ಇಲ್ಲಂತೂ ಚಪ್ಪಟೆ ಆಗ್ಬಿಟ್ಟಿದೆ."

"ಚಕ್ರದ ಕೆಳಗೆ ಸಿಕ್ಕಿದ ಟ್ಯೂಬಿನಂಗೆ" ಅಂದರು ಪಕ್ಕದಲ್ಲಿ ನಿಂತಿದ್ದ ನಮ್ಮ ಯಜಮಾನರು.

"ಹೌದು ಯಜಮಾನರೇ, ಹಂಗೇ. ಈಗ ಕೇಳಿ. ಆಪರೇಷನ್‌ಗೆ ಮತ್ತು ಬರಿಸಿದ್ರೆ ಮೈಯೆಲ್ಲ ಸಡಿಲ ಆಗುತ್ತೆ, ಉಸಿರು ತಾನಾಗಿ ಎಳ್ಕೊಳೋದು ನಿಂತುಹೋಗುತ್ತೆ. ಆಗ ಗಂಟಲಿಗೆ ಒಂದು ಕೊಳವೆ ಇಳಿಸಿ ಮೆಷಿನ್‌ನಿಂದ ಉಸಿರಾಡಿಸ್ತೀವಿ. ಎಲ್ಲರಿಗೂ ಮೊದಲು ಮತ್ತು, ಆಮೇಲೆ ಕೊಳವೆ. ಇವರಿಗೆ ಹಂಗೆ ಮಾಡಕ್ಕಾಗಲ್ಲ. ಮಲಗಿಸಿದ ಮೇಲೆ ದಾರಿ ಮುಚ್ಕೊಂಡು, ನನ್ನ ಕೊಳವೆ ಒಳಗೆ ಹೋಗಲಿಲ್ಲ ಅಂದ್ರೆ..."

"ಅಂದ್ರೆ?" ಅಂದರು ಇವರು.

"ಅದಕ್ಕೇ ಇವರಿಗೆ ಮೊದಲು ಕೊಳವೆ, ಆಮೇಲೆ ಮತ್ತು. ಎಚ್ಚರವಾಗಿದ್ದು ಅವರೇ ಉಸಿರಾಡ್ತಾ ಇರೋವಾಗಲೇ ಮೂಗಿನಿಂದ ಇಳಿಸ್ತೀನಿ."

ವಾಣಿ ಬಾಯಿಗೆ ಕೈ ಇಟ್ಟುಕೊಂಡಳು. "ಎಚ್ಚರ ಇರೋವಾಗ್ಲಾ? ಅಯ್ಯೋ, ನಮ್ಮತ್ತೆಗೆ ಮಾತ್ರೆ ನುಂಗುದ್ರೇ ವಾಕರಿಕೆ ಬತ್ತದೆ ಡಾಕ್ಟ್ರೇ."

"ಮೂಗು, ಗಂಟಲು ಎಲ್ಲಾ ಮರಗಟ್ಟಿಸ್ತೀನಿ. ನೋವಾಗಲ್ಲ. ಸ್ವಲ್ಪ ಮಂಪರು ಕೊಡ್ತೀನಿ, ನಿದ್ದೆ ಬರೋವಷ್ಟಲ್ಲ. ಅಜ್ಜಿ, ನೀವು ಮಾಡಬೇಕಾದ್ದು ಎರಡೇ ಕೆಲಸ. ಉಸಿರಾಡ್ತಾ ಇರೋದು, ನಾವು ಕೇಳಿದ್ದಕ್ಕೆ ಉತ್ತರ ಕೊಡೋದು. ಉತ್ತರ ಬರಲಿಲ್ಲ ಅಂದ್ರೆ ಮಂಪರು ಜಾಸ್ತಿ ಆಯ್ತು, ಉಸಿರು ಕಮ್ಮಿ ಆಗ್ತಿದೆ ಅಂತ ನನ್ನ ಲೆಕ್ಕ. ಆಗ ಎಲ್ಲಾ ನಿಲ್ಲಿಸಿ ಆಚೆ ತೆಗೆದ್ಬಿಡ್ತೀನಿ. ಗೊತ್ತಾಯ್ತಾ?"

ತಲೆ ಆಡಿಸಿದೆ. ಆಕೆ ನನ್ನ ಕೈ ಒತ್ತಿ ಎದ್ದು ಹೋದರು. ಬಾಗಿಲಾಚೆ ರುದ್ರಸ್ವಾಮಿ ಡಾಕ್ಟರ ಹತ್ತಿರ ಮಾತಾಡಿದ್ದು ಕೇಳಿಸಿತು. "ಕುತ್ತಿಗೆ ಮುಂದಿನಿಂದ ಕೊಯ್ದು ದಾರಿ ಮಾಡೋಣ ಅಂದ್ರೂ ಗಡ್ಡೇನೇ ಅಡ್ಡ ಇದೆ ಸಾರ್. ಇದೊಂದೇ ದಾರಿ. ಒಂದೇ ಸಲಕ್ಕೆ ಹೋಗಿಬಿಡಬೇಕು. ಮೂಗಲ್ಲಿ ರಕ್ತ ಶುರುವಾದ್ರೆ ಎರಡನೇ ಸಲ ಏನೂ ಕಾಣಿಸಲ್ಲ." ಮಾತಾಡದವರಿಗೆ ಕಿವಿಯೂ ಇರುವುದಿಲ್ಲ ಅಂತ ಜನಕ್ಕೊಂದು ಭ್ರಮೆ. ವಾಣಿಗೂ ಇವರಿಗೂ ಅದು ಕೇಳಿಸಿರಲಿಲ್ಲ, ನನಗೆ ಕೇಳಿಸಿತ್ತು.

"ನೋಡ್ದಾ?" ಅಂದರು ಇವರು, ನನ್ನ ಮುಖ ನೋಡಿ. "ನಾನು ಊರಿಗೆಲ್ಲಾ ಟ್ಯೂಬ್ ಹಾಕ್ದೆ. ಈಗ ನಿಂಗೆ ಟ್ಯೂಬ್ ಹಾಕ್ತಾರಂತೆ ಕಣೇ. ಪಂಚರ್ ಆದ್ರೆ ನಂತಾವ ಬತ್ತಾರೆ, ಬುಡು."

ವಾಣಿ ನಕ್ಕಳು. ನನಗೆ ನಗು ಬರಲಿಲ್ಲ. ನನ್ನ ತಮ್ಮ ನಂಜಯ್ಯ ನೆನಪಾಗಿದ್ದ. ನಾನು ಲಂಗ ಉಡುವ ವಯಸ್ಸಿನಲ್ಲಿ ಅವನಿಗೆ ಗಂಟಲಮಾರಿ ಬಂದಿತ್ತು. ಗಂಟಲೊಳಗೆ ಬೂದಿಬಣ್ಣದ ಪೊರೆ ಕಟ್ಟಿಕೊಂಡು ಉಸಿರು ಎಳೆದಾಗಲೆಲ್ಲ ಸಿಳ್ಳೆ ಬರುತ್ತಿತ್ತು, ಈಗ ನನಗೆ ಬರುತ್ತದಲ್ಲ, ಅದೇ ಸಿಳ್ಳೆ. ಜಟಕಾದಲ್ಲಿ ಅಪ್ಪನ ತೊಡೆಯ ಮೇಲೆ ಅವನು, ಪಕ್ಕದಲ್ಲಿ ನಾನು. ಆಸ್ಪತ್ರೆಯ ತಿರುವು ಕಾಣುವ ಹೊತ್ತಿಗೆ ಸಿಳ್ಳೆ ನಿಂತಿತು. ವಾಸಿಯಾಯಿತು ಅಂದುಕೊಂಡು ನಾನು ಅಪ್ಪನ ಮುಖ ನೋಡಿದ್ದೆ.

ಅಷ್ಟರಲ್ಲಿ ವಾರ್ಡಿನ ನರ್ಸಮ್ಮ ಕೈಗೆ ಕಟ್ಟುವ ಪಟ್ಟಿ ಹಿಡಿದುಕೊಂಡು ಬಂದಳು. "ಹೆಸರೇನಜ್ಜಿ?"

"ಚೆಲುವಮ್ಮ."

"ಯಜಮಾನರ ಹೆಸರು?"

ನಾನು ವಾಣಿಯ ಕಡೆ ನೋಡಿದೆ. "ಕಾಳಯ್ಯ ಅಂತ ಬರ್ಕೊಳಿ ಸಿಸ್ಟರ್. ನಮ್ಮತ್ತೆ ಹೇಳಲ್ಲ. ರೇಷನ್ ಅಂಗಡೀಲೂ ನಾನೇ ಹೇಳ್ಬೇಕು, ಬ್ಯಾಂಕಲ್ಲೂ ನಾನೇ ಹೇಳ್ಬೇಕು."

"ಈಗ್ಲೂವಾ ಅಜ್ಜಿ?" ಅಂತ ನರ್ಸಮ್ಮ ನಕ್ಕಳು.

ಈಗಲೂ ಅಂದರೆ? ಗಂಡನ ಹೆಸರು ಹಿಡಿದರೆ ಅವನ ಆಯಸ್ಸು ಕಮ್ಮಿಯಾಗುತ್ತದೆ ಅಂತ ನಮ್ಮತ್ತೆ ನಾನು ಹೊಸಿಲು ತುಳಿದ ದಿನವೇ ಹೇಳಿದ್ದರು. ಅದು ನಿಜವೋ ಸುಳ್ಳೋ ಅಂತ ಯಾರು ಪರೀಕ್ಷೆ ಮಾಡಿ ನೋಡುತ್ತಾರೆ? ನಮ್ಮ ವಠಾರದ ಸುಮಿತ್ರಮ್ಮ ಒಂದು ಸಲ ನಲ್ಲಿ ಹತ್ತಿರದ ಜಗಳದಲ್ಲಿ, ನಾಲ್ಕು ಜನರ ಎದುರಿಗೆ, ಗಂಡನ ಹೆಸರು ಹಿಡಿದು ಕೂಗಿಬಿಟ್ಟಿದ್ದಳು. ಆ ವರ್ಷದ ದೀಪಾವಳಿ ಅವನು ನೋಡಲಿಲ್ಲ. ಕುಡಿತದಿಂದ ಹೋದ ಅಂದರು ಎಲ್ಲರೂ. ಕುಡಿಯುತ್ತಿದ್ದ, ಅದು ನಿಜ. ಆದರೆ ಕುಡಿಯುತ್ತಲೇ ಅಷ್ಟು ವರ್ಷ ಬದುಕಿದ್ದನಲ್ಲ?

ಬೆಳಿಗ್ಗೆ ಗಾಲಿಮಂಚದಲ್ಲಿ ಕರೆದುಕೊಂಡು ಹೋದರು. ಮಲಗಲಾರೆ ಅಂತ ತಲೆಕಡೆ ಎತ್ತಿಯೇ ಇಟ್ಟಿದ್ದರು. ಥಿಯೇಟರ್ ಬಾಗಿಲ ತನಕ ಮಗ, ಸೊಸೆ, ಇವರು ಮೂರೂ ಜನ ಬಂದರು. ಇವರು ಏನೋ ಹೇಳಲು ಬಾಯಿ ತೆರೆದು, ನನ್ನ ಕಾಲಿನ ಮೇಲಿದ್ದ ಹೊದಿಕೆ ಸರಿಮಾಡಿ ಹಿಂದಕ್ಕೆ ನಿಂತರು. ಬಾಗಿಲು ಮುಚ್ಚಿತು. ಮದುವೆಯಾದ ಮೇಲೆ ನನ್ನವರು ಯಾರೂ ಪಕ್ಕದಲ್ಲಿಲ್ಲದೆ ಒಂದು ಕೋಣೆಯೊಳಕ್ಕೆ ನಾನು ಹೋಗಿದ್ದು ಅದೇ ಮೊದಲು.

ಒಳಗೆ ಚಳಿ. ಮಧುಶ್ರೀ ಡಾಕ್ಟರು ಟೋಪಿ, ಮಾಸ್ಕು ಹಾಕಿದ್ದರೂ ಕಣ್ಣಿನಲ್ಲೇ ಗುರುತು ಸಿಕ್ಕಿತು. ಮೊದಲು ಮೂಗು ಬಾಯಿಗೆ ಒಂದು ಬಟ್ಟಲು ಕಟ್ಟಿ ಹೊಗೆಯಂಥ ಔಷಧಿ ಎಳೆದುಕೊಳ್ಳಲು ಹೇಳಿದರು. ಬೇವಿನ ಕಷಾಯಕ್ಕಿಂತ ಕಹಿ. ಆಮೇಲೆ ಮೂಗಿಗೆ ಹನಿ ಬಿಟ್ಟು, ಜೆಲ್ಲಿಯಲ್ಲಿ ಅದ್ದಿದ ಬಟ್ಟೆಪಟ್ಟಿ ತುರುಕಿ ತೆಗೆದರು. ನಾಲಿಗೆ ನನ್ನದಲ್ಲ ಅನ್ನಿಸತೊಡಗಿತು. ಗಂಟಲು ಇದೆಯೋ ಇಲ್ಲವೋ ತಿಳಿಯದು. ಉಗುಳು ನುಂಗಿದರೆ ನುಂಗಿದ್ದು ಗೊತ್ತಾಗುತ್ತಿಲ್ಲ, ಆಗ ಉಸಿರೇ ನಿಂತಿತೇನೋ ಅಂತ ಗಾಬರಿ. ಮೂಗಿನ ಒಂದು ಹೊಳ್ಳೆಗೆ ಆಕ್ಸಿಜನ್ ಹಚ್ಚಿದರು. ಬೆರಳಿಗೆ ಒಂದು ಕ್ಲಿಪ್ಪು ಸಿಕ್ಕಿಸಿದರು. ಅದರ ಸದ್ದು ಪಕ್ಕದ ಟಿವಿಯಂಥ ಪರದೆಯಿಂದ ಬರುತ್ತಿತ್ತು, ಟಿಕ್, ಟಿಕ್, ಟಿಕ್.

"ಗಂಟಲು ದಪ್ಪ ಆದಂಗೆ ಅನ್ಸುತ್ತೆ ಅಜ್ಜಿ. ಅದು ಮರಗಟ್ಟಿರೋದಕ್ಕೆ. ಉಸಿರು ಹೋಗ್ತಾನೇ ಇದೆ. ನನ್ನನ್ನ ನಂಬಿ."

ಆಮೇಲೆ ಒಂದು ತಂತಿಯನ್ನು ಎತ್ತಿಕೊಂಡರು. ಕರ್ರಗೆ, ನೀಳವಾಗಿ, ಮಸಾಲೆ ಮೆತ್ತಿ ಒಣಗಿಸಿದ ಊದುಬತ್ತಿಯಷ್ಟೇ ದಪ್ಪ. ತುದಿಯಲ್ಲಿ ಬೆಳಕು, ಒಂದು ಪುಟ್ಟ ಕ್ಯಾಮೆರಾ. ಅದರ ಮೇಲೆ ಕೊಳವೆಯನ್ನು ಮೊದಲೇ ಪೋಣಿಸಿಟ್ಟಿದ್ದರು. ತಂತಿ ಮುಂದೆ ದಾರಿ ನೋಡಿಕೊಂಡು ಹೋಗುವುದು, ಕೊಳವೆ ಅದರ ಮೇಲೆ ಜಾರಿಕೊಂಡು ಹಿಂದೆ ಬರುವುದು. ರುದ್ರಸ್ವಾಮಿ ಡಾಕ್ಟರು ಕೈಗವಸು ಹಾಕಿಕೊಂಡು ಆ ಕಡೆ ನಿಂತಿದ್ದರು. ಅವರು ಅಲ್ಲಿ ಯಾಕೆ ನಿಂತಿದ್ದಾರೆ ಅಂತ ನನಗೆ ಗೊತ್ತಿತ್ತು, ಕೊಳವೆ ಹೋಗದಿದ್ದರೆ ಗಡ್ಡೆ ಅಡ್ಡ ಇದ್ದರೂ ಕುತ್ತಿಗೆ ಕೊಯ್ಯಲೇಬೇಕಲ್ಲ. ಅವರ ಪಕ್ಕದ ತಟ್ಟೆಯ ಕಡೆ ನೋಡಲಿಲ್ಲ.

ತಂತಿ ಮೂಗಿಗೆ ಇಳಿಯಿತು. ನೋವಿಲ್ಲ, ಒತ್ತಡ. ಕಣ್ಣಲ್ಲಿ ನೀರು ತಾನಾಗಿ ಬಂತು.

"ಚೆನ್ನಾಗಿದೆ. ಎಲ್ಲಿದ್ದೀರಿ ಅಜ್ಜಿ ಈಗ?"

"ಆಹತ್ರೆ" ಅಂದೆ. ನಾಲಿಗೆ ತೊದಲಿತು.

"ಸರಿ, ಆಸ್ಪತ್ರೆ. ಉಸಿರಾಡ್ತಾ ಇರಿ. ಪ್ರೇಮಲೀಲಾ, ಮಾತಾಡಿಸ್ತಾ ಇರು. ನಾನು ಪರದೆ ನೋಡ್ತೀನಿ."

ತಲೆಯ ಪಕ್ಕ ನಿಂತಿದ್ದ ಸಿಸ್ಟರ್ ಪ್ರೇಮಲೀಲಾ ನನ್ನ ಕೈಪಟ್ಟಿ ತಿರುಗಿಸಿ ಓದಿಕೊಂಡಳು. ಕಿವಿಯ ಹತ್ತಿರ ಬಗ್ಗಿ ಕೇಳಿದಳು. "ಅಜ್ಜೀ, ನಿಮ್ಮ ಯಜಮಾನರ ಹೆಸರು ಹೇಳಿ."

ನನ್ನ ಕಣ್ಣು ವಾಣಿಯನ್ನು ಹುಡುಕಿತು. ವಾಣಿ ಎಲ್ಲಿ?

"ಅಜ್ಜೀ? ಕೇಳಿಸ್ತಾ? ಯಜಮಾನರ ಹೆಸರು?"

ಸುಮ್ಮನಿದ್ದೆ. ಅದು ಬೇಕೆಂದು ಮಾಡಿದ ಮೌನವಲ್ಲ. ಆ ಪ್ರಶ್ನೆ ಬಂದರೆ ಬಾಯಿ ತಾನಾಗಿ ಮುಚ್ಚಿಕೊಳ್ಳುತ್ತದೆ, ಕಣ್ಣಿಗೆ ಧೂಳು ಬಂದರೆ ರೆಪ್ಪೆ ಮುಚ್ಚಿಕೊಳ್ಳುವ ಹಾಗೆ.

"ಡಾಕ್ಟರ್, ಉತ್ತರ ಬರ್ತಿಲ್ಲ."

"ಮಂಪರಿನ ಡ್ರಿಪ್ ನಿಲ್ಲಿಸು. ಚೆಲುವಮ್ಮ! ಕಣ್ಣು ಬಿಡಿ. ಯಜಮಾನರ ಹೆಸರು ಹೇಳಿ."

ಗಾಬರಿಯಲ್ಲಿ ಮುಷ್ಟಿ ಬಿಗಿದೆ. ಬೆರಳಿನ ಕ್ಲಿಪ್ಪು ಜಾರಿತೋ ಏನೋ, ಟಿಕ್ ಟಿಕ್ ಅನ್ನುತ್ತಿದ್ದ ಸದ್ದು ಬಾವಿಗೆ ಇಳಿದ ಹಾಗೆ ಕೆಳಗೆ ಕೆಳಗೆ ಹೋಯಿತು. ಎಲ್ಲರ ಕಣ್ಣೂ ಪರದೆಯ ಕಡೆ ತಿರುಗಿದವು. "ಹೇಳಬಾರ್ದು ಕಣವ್ವ, ವಾಣೀನ ಕೇಳಿ" ಅನ್ನಲು ಹೋದೆ. ಹೊರಗೆ ಬಂದದ್ದು ಬರೀ ಗೊರಗೊರ. ತಲೆ ಆಡಿಸಿದೆ.

"ತಲೆ ಅಲ್ಲಾಡಿಸಬೇಡಿ ಅಜ್ಜಿ, ತಂತಿ ಗಂಟಲ ಬಾಗಿಲಲ್ಲಿದೆ!" ಮಧುಶ್ರೀ ಡಾಕ್ಟರ ದನಿಯಲ್ಲಿ ಮೊದಲ ಸಲ ನಡುಕ ಕೇಳಿದೆ. "ತೊದಲ್ತಿದಾರೆ, ಏನೇನೋ ಹೇಳ್ತಿದಾರೆ. ಸಾರ್, ಅಪಾಯ ಬೇಡ. ತೆಗೆದ್ಬಿಡ್ತೀನಿ. ಚೆಲುವಮ್ಮ, ಕೊನೇ ಸಲ ಕೇಳ್ತಿದೀನಿ, ಹೆಸರು ಹೇಳಿ!"

ಒಂದೇ ಸಲಕ್ಕೆ ಹೋಗಿಬಿಡಬೇಕು ಅಂದಿದ್ದು ಕಿವಿಯಲ್ಲೇ ಇತ್ತು. ಈಗ ತೆಗೆದರೆ ರಕ್ತ. ರಕ್ತ ಬಂದರೆ ಕಾಣಿಸುವುದಿಲ್ಲ. ಆಮೇಲೆ ಗೋಡೆಗೊರಗಿ ಕೂತು, ಸಿಳ್ಳೆ ಹೊಡೆಯುತ್ತ, ನಂಜಯ್ಯನ ಹಾಗೆ ಒಂದು ದಿನ ಯಾವುದೋ ತಿರುವಿನಲ್ಲಿ. ಒಂದು ಕಡೆ ನನ್ನ ಉಸಿರು. ಇನ್ನೊಂದು ಕಡೆ, ಬಾಗಿಲಾಚೆ ಬೆಂಚಿನ ಮೇಲೆ ಕೂತಿರುವವರ ಆಯಸ್ಸು. ತೂಗಿ ನೋಡಲು ಪುರುಸೊತ್ತು ಕೊಡಲಿಲ್ಲ ಡಾಕ್ಟರು. ತಂತಿ ಹಿಂದಕ್ಕೆ ಜಾರುವುದು ಗೊತ್ತಾಯಿತು.

ಹೇಳಿಬಿಟ್ಟೆ.

"ಕಾಳಯ್ಯ! ಕಾಳಯ್ಯ ಅಂದ್ರು!" ಪ್ರೇಮಲೀಲಾ ಕೂಗಿದಳು. "ಎಚ್ಚರ ಇದಾರೆ ಡಾಕ್ಟರ್. ಕ್ಲಿಪ್ಪು ಜಾರಿದೆ ಅಷ್ಟೇ, ಹಾಕ್ದೆ ನೋಡಿ."

ಸದ್ದು ಮತ್ತೆ ಮೇಲೆ ಬಂತು. "ಭೇಷ್ ಅಜ್ಜಿ. ಅಲ್ಲಾಡಬೇಡಿ. ಬಾಗಿಲು ಕಾಣ್ತಿದೆ. ಈಗ ಔಷಧಿ ಚಿಮುಕಿಸ್ತೀನಿ, ಕೆಮ್ಮು ಬರುತ್ತೆ." ಕೆಮ್ಮು ಬಂತು, ಜೀವ ಹೊರಗೆ ಬರುವಂಥ ಕೆಮ್ಮು. "ಈಗ ದೊಡ್ಡದಾಗಿ ಉಸಿರು ಎಳ್ಕೊಳ್ಳಿ. ಎಳೀರಿ, ಎಳೀರಿ!"

ಎಳೆದೆ. ಎಳೆದ ಉಸಿರಿನ ಜೊತೆಗೇ ಏನೋ ದಪ್ಪನೆಯದು ಒಳಕ್ಕೆ ಜಾರಿತು. ಅಯ್ಯೋ ಅನ್ನಲು ಹೋದೆ, ದನಿಯಿಲ್ಲ. ಬಾಯಿ ಆಡಿತು, ಗಾಳಿ ಆಡಿತು, ದನಿ ಮಾತ್ರ ಎಲ್ಲೂ ಇಲ್ಲ. ಪರದೆಯ ಮೇಲೆ ಗುಡ್ಡದ ಸಾಲಿನ ಹಾಗೆ ನನ್ನ ಉಸಿರಿನ ಗೆರೆಗಳು ಎದ್ದವು. "ಹೋಯ್ತು! ಸರಿಯಾದ ಜಾಗದಲ್ಲಿದೆ" ಅಂದರು ಯಾರೋ. "ಈಗ ಮಲಗಿಸ್ತೀನಿ ಅಜ್ಜಿ."

ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲು ದೇವರಿಗೆ ಒಂದು ಮಾತು ಹೇಳಬೇಕಿತ್ತು. ಅದಕ್ಕೂ ಬಿಡದೆ ನಿದ್ದೆ ಬಂತು.

ಎಚ್ಚರವಾದಾಗ ಕಿಟಕಿಯಲ್ಲಿ ಬೆಳಗಿನ ಬಿಸಿಲು. ಅದು ಮಾರನೇ ದಿನದ ಬಿಸಿಲು ಅಂತ ಆಮೇಲೆ ತಿಳಿಯಿತು. ಗಡ್ಡೆ ತೆಗೆದಾಗಿತ್ತು. ಕುತ್ತಿಗೆಗೆ ಪಟ್ಟಿ ಸುತ್ತಿದ್ದರು. ಮೂಗಿನ ಕೊಳವೆ ಮಾತ್ರ ಹಾಗೇ ಇತ್ತು. ಅಷ್ಟು ವರ್ಷ ಒತ್ತಿಸಿಕೊಂಡಿದ್ದ ಉಸಿರಿನ ದಾರಿ ಮೆತ್ತಗಾಗಿರಬಹುದು, ಕುಸಿದೀತು ಅಂತ ಒಂದು ದಿನ ಬಿಟ್ಟಿದ್ದರಂತೆ. ಕೊಳವೆ ಕಿತ್ತುಕೊಳ್ಳಬಾರದೆಂದು ಎರಡು ಕೈಗೂ ಬಟ್ಟೆ ಸುತ್ತಿ ಮಂಚಕ್ಕೆ ಮೆತ್ತಗೆ ಕಟ್ಟಿದ್ದರು. ಮೆಷಿನ್ನು ಉಸಿರು ತಳ್ಳುತ್ತಿತ್ತು, ನಾನು ತಗೊಳ್ಳುತ್ತಿದ್ದೆ.

ನನ್ನ ಮೊದಲ ಯೋಚನೆ: ನಮ್ಮ ಯಜಮಾನರು ಇದ್ದಾರಾ?

ಕೇಳುವುದು ಹೇಗೆ? ದನಿಯಿಲ್ಲ, ಕೈಯಿಲ್ಲ. ಐಸಿಯು ಸಿಸ್ಟರ್ ಹತ್ತಿರ ಬಂದಾಗ ಕಣ್ಣು ಅಗಲಿಸಿದೆ. "ಬಾಯಾರಿಕೆನಾ ಅಜ್ಜಿ? ಈಗ ನೀರು ಕೊಡಂಗಿಲ್ಲ" ಅಂತ ತುಟಿಗೆ ಒದ್ದೆ ಹತ್ತಿ ಒತ್ತಿ ಹೋದಳು. ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನಾಲಿಗೆ ಮರಗಟ್ಟಿತ್ತು. ಹೆಸರು ಸರಿಯಾಗಿ ಬಂದಿರಲಿಕ್ಕಿಲ್ಲ. ಅರ್ಧ ಹೆಸರಿಗೆ ದೇವರು ಲೆಕ್ಕ ಹಿಡಿಯುತ್ತಾನಾ? ಆದರೆ ಪ್ರೇಮಲೀಲಾಗೆ ಸ್ಪಷ್ಟವಾಗಿ ಕೇಳಿಸಿತ್ತಲ್ಲ? ಅವಳಿಗೆ ಕೇಳಿಸಿದ್ದು ದೇವರಿಗೆ ಕೇಳಿಸದೆ ಇರುತ್ತದಾ?

ಹೊತ್ತು ಸ್ವಲ್ಪ ಏರಿದ ಮೇಲೆ ವಾಣಿ ಬಂದಳು, ಹಸಿರು ನಿಲುವಂಗಿ ಹಾಕಿಕೊಂಡು. ಒಬ್ಬಳೇ. ನಾನು ಅವಳ ಹಿಂದಿನ ಬಾಗಿಲನ್ನೇ ನೋಡಿದೆ. ಯಾರೂ ಬರಲಿಲ್ಲ.

"ಅತ್ತೆ, ಎಲ್ಲಾ ಚೆನ್ನಾಗಾಯ್ತಂತೆ. ಗಡ್ಡೆ ತೋರ್ಸಿದ್ರು, ಅಬ್ಬಬ್ಬಾ! ಇವತ್ತೇ ಪೈಪು ತೆಗೀತಾರಂತೆ." ನನ್ನ ಕಣ್ಣು ಇನ್ನೂ ಬಾಗಿಲ ಮೇಲಿರುವುದನ್ನು ನೋಡಿ ಅವಳೇ ಹೇಳಿದಳು. "ಮಾವ ಬರ್ಲಿಲ್ಲ. ಬೆಟ್ಟಕ್ಕೆ ಹೋದ್ರು. ನೀವು ಉಸಿರಾಡ್ಕೊಂಡು ಆಚೆ ಬಂದ್ರೆ ಮೆಟ್ಲು ಹತ್ತಿ ಬತ್ತೀನಿ ಅಂತ ತಾಯಿ ಚಾಮುಂಡೇಶ್ವರಿಗೆ ಹರಕೆ ಕಟ್ಕೊಂಡಿದ್ರಂತೆ. ಬಸ್ಸಲ್ಲಿ ಹೋಗಿ ಅಂದ್ರೆ ನಮ್ಮ ಮೇಲೇ ರೇಗುದ್ರು. ಬರಿಗಾಲಲ್ಲಿ, ಬರೀ ಹೊಟ್ಟೇಲಿ ಹೊಂಟವ್ರೆ."

ಆ ನೋವಿನ ಮಂಡಿಯಲ್ಲಿ. ಆ ವಯಸ್ಸಿನಲ್ಲಿ. ಈ ಬಿಸಿಲಿನಲ್ಲಿ. ಅಲ್ಲೇ ಆಗುವುದು ಅನ್ನಿಸಿತು. ಯಾವುದೋ ಒಂದು ಮೆಟ್ಟಿಲ ಮೇಲೆ, ಯಾರೂ ಪಕ್ಕದಲ್ಲಿಲ್ಲದೆ. ನಾನು ಹೆಸರು ಹಿಡಿದದ್ದಕ್ಕೆ ಸರಿಯಾಗಿ ಅವರೇ ನಡೆದು ಹೋಗಿ ಮೆಟ್ಟಿಲ ಮೇಲೆ ನಿಂತಿದ್ದಾರೆ. ಎದೆ ಡವಡವ ಹೊಡೆದುಕೊಂಡಿತು. ಮೆಷಿನ್ನು ಕೊಟ್ಟ ಉಸಿರು ಸಾಲದೆ ನಾನು ನಡುನಡುವೆ ಎಳೆಯತೊಡಗಿದೆ. ತಲೆಯ ಹತ್ತಿರ ಗಂಟೆ ಬಡಿಯಿತು.

ಮಧುಶ್ರೀ ಡಾಕ್ಟರು ಓಡಿ ಬಂದರು. ಪರದೆ ನೋಡಿದರು, ಎದೆಗೆ ಸ್ಟೆತಸ್ಕೋಪ್ ಇಟ್ಟು ಕೇಳಿದರು, ಕುತ್ತಿಗೆಯ ಪಟ್ಟಿ ಒತ್ತಿ ನೋಡಿದರು. "ಅಜ್ಜಿ, ಈಗ ಕೊಳವೆ ತೆಗೆಯೋಣ ಅಂತ ಬಂದೆ. ಎದೆ ಬಡಿತ ಹಿಂಗೆ ಓಡ್ತಿದ್ರೆ ತೆಗೆಯಕ್ಕಾಗಲ್ಲ. ತೆಗೆದ ಮೇಲೆ ನೀವೇ ಉಸಿರಾಡಬೇಕು, ಹಿಂಗೆ ಮೇಲುಸಿರು ಬಿಟ್ರೆ ಸೋತುಹೋಗ್ತೀರಿ." ಸಿಸ್ಟರ್ ಕಡೆ ತಿರುಗಿದರು. "ಇನ್ನೊಂದು ಸ್ವಲ್ಪ ನಿದ್ದೆ ಕೊಟ್ಟು, ಸಂಜೆ ನೋಡೋಣವಾ?"

ಬೇಡ ಅಂತ ಕಟ್ಟಿದ ಕೈಗಳನ್ನು ಜಗ್ಗಿದೆ. ನಿದ್ದೆ ಕೊಟ್ಟರೆ ಸಂಜೆಯ ತನಕ ನನಗೆ ಏನೂ ತಿಳಿಯುವುದಿಲ್ಲ. ಅಷ್ಟರಲ್ಲಿ ಮೆಟ್ಟಿಲ ಮೇಲೆ ಏನಾಗಬೇಕೋ ಅದು ಆಗಿಹೋಗಿರುತ್ತದೆ.

ಆಕೆ ಸಿರಿಂಜಿಗೆ ಕೈ ಹಾಕಲಿಲ್ಲ. ನನ್ನ ಕಣ್ಣಿನಲ್ಲಿ ಏನು ಕಂಡರೋ, ನನ್ನ ಅಂಗೈಯಲ್ಲಿ ತಮ್ಮ ಎರಡು ಬೆರಳಿಟ್ಟರು. "ಹೌದು ಅಂದ್ರೆ ಅಮುಕಿ. ನೋವಾ?" ಅಮುಕಲಿಲ್ಲ. "ಉಸಿರು ಕಟ್ತಿದೆಯಾ?" ಅಮುಕಲಿಲ್ಲ. "ಭಯಾನಾ?" ಅಮುಕಿದೆ. "ಕೊಳವೆ ತೆಗೆಯೋದಕ್ಕೆ ಭಯಾನಾ? ಅದಲ್ಲ. ಮನೆಯೋರ ವಿಷಯಾನಾ?"

ಆಕೆಯ ಉಂಗುರ ನನಗೇ ಚುಚ್ಚುವಷ್ಟು ಅಮುಕಿದೆ.

"ಅಯ್ಯೋ, ಮಾವನಾ!" ಅಂದಳು ವಾಣಿ. "ನಾನೇ ಈಗ ಹೇಳ್ಬುಟ್ಟೆ ಡಾಕ್ಟ್ರೇ, ಬೆಟ್ಟ ಹತ್ತಕ್ಕೆ ಹೋಗವ್ರೆ ಅಂತ. ಅವರಿಗೆ ಎಪ್ಪತ್ತು ದಾಟೈತೆ."

"ಫೋನ್ ಇದೆಯಾ ಅವರ ಹತ್ರ? ಮಾಡಿ."

"ಇಲ್ಲಿ ಮಾಡಬಾರ್ದು ಅಂತ ಬೋರ್ಡು..."

"ನಾನು ಹೇಳ್ತಿದೀನಲ್ಲ, ಮಾಡಿ."

ವಾಣಿ ಫೋನ್ ಮಾಡಿ ಸ್ಪೀಕರ್ ಹಾಕಿ ನನ್ನ ದಿಂಬಿನ ಮೇಲೆ ಇಟ್ಟಳು. ಗಂಟೆ ಹೋಯಿತು. ಹೋಯಿತು. ಹೋಗಿ ಹೋಗಿ ನಿಂತಿತು. ಯಾರೂ ಎತ್ತಲಿಲ್ಲ. ಪರದೆಯ ಸದ್ದು ಮತ್ತಷ್ಟು ಜೋರಾಯಿತು. ವಾಣಿಯ ಮುಖ ಸಣ್ಣದಾಯಿತು. "ಜೇಬಲ್ಲಿರೋದು ಕೇಳ್ಸಲ್ಲ ಅತ್ತೆ ಅವ್ರಿಗೆ, ಗೊತ್ತಲ್ಲ ನಿಮ್ಗೆ" ಅಂತ ಮತ್ತೆ ಒತ್ತಿದಳು.

ಗಂಟೆ ಹೋಯಿತು. ನಡುವೆ ಎಲ್ಲೋ ಕಟ್ ಅಂತ ಸದ್ದು. ಆಮೇಲೆ ಗಾಳಿ, ಗಾಳಿಯೊಳಗೆ ಒಂದು ಏದುಸಿರು.

"ಯಾರು? ವಾಣೀನಾ? ಏನಾಯ್ತವ್ವ? ಚೆಲುವಿ ಎಂಗವ್ಳೆ? ಯಾಕ್ ಮಾಡ್ದೆ? ಮಾತಾಡು, ಯಾಕ್ ಮಾಡ್ದೆ?"

"ಏನೂ ಆಗಿಲ್ಲ ಮಾವ. ಅತ್ತೆ ಚೆನ್ನಾಗವ್ರೆ. ನೀವೆಲ್ಲಿದ್ದೀರಿ?"

ಆ ಕಡೆ ಒಂದು ದೊಡ್ಡ ಉಸಿರು ಹೊರಗೆ ಬಂತು. "ಥೂ ನಿನ್ನ! ಎದೆ ಒಡೆದೋಯ್ತು. ನಂದಿ ತಾವ, ಬಸ್ ರಸ್ತೆ ಪಕ್ಕ ಕೂತಿವ್ನಿ. ನೆಳ್ಳಿತ್ತು, ಕೂತ್ಕೊಂಡೆ. ಇನ್ನೊಂದು ಸ್ವಲ್ಪ ಐತೆ ಅಷ್ಟೇಯ."

ಮಧುಶ್ರೀ ಡಾಕ್ಟರು ಬಗ್ಗಿ ಫೋನಿಗೆ ಹೇಳಿದರು. "ಯಜಮಾನರೇ, ನಿಮ್ಮ ಮನೆಯೋರು ಕೇಳಿಸ್ಕೊತಿದಾರೆ. ಕೊಳವೆ ಇದೆ, ಉತ್ತರ ಕೊಡಕ್ಕಾಗಲ್ಲ. ಎದ್ದೇಳಬೇಡಿ, ಅಲ್ಲೇ ಕೂತು ಮಾತಾಡ್ತಾ ಇರಿ."

"ಉತ್ತರ ಕೊಡಕ್ಕಾಗಲ್ವಾ? ಹಂಗಾರೆ ಒಳ್ಳೇ ಟೈಮು. ಇಷ್ಟು ವರ್ಷದಲ್ಲಿ ಇವತ್ತೊಂದಿನ ನಾನೊಬ್ನೇ ಮಾತಾಡಬೋದು" ಅಂದರು ಇವರು. ಐಸಿಯು ಸಿಸ್ಟರ್ ಕಿಸಕ್ಕನೆ ನಕ್ಕಳು. "ಲೇ ಚೆಲುವಿ, ಕೇಳ್ತದಾ? ಇಲ್ಲಿ ಒಂದು ಕೋತಿ ಕಣೇ, ನನ್ನ ಬಾಳೆಹಣ್ಣಿನ ಚೀಲಾನೇ ನೋಡ್ತಾ ಕೂತದೆ. ದೇವ್ರಿಗೆ ಅಂತ ತಗೊಂಡಿವ್ನಿ ಅಂದ್ರೆ ಅದಕ್ಕೆ ಅರ್ಥ ಆಯ್ತದಾ..."

ಅವರು ಏನೇನೋ ಹೇಳುತ್ತಿದ್ದರು. ನಾನು ಮಾತು ಕೇಳಲಿಲ್ಲ. ಮಾತಿನ ನಡುವೆ ಬರುತ್ತಿದ್ದ ಉಸಿರು ಕೇಳಿದೆ. ಮೊದಲು ತಿದಿಯ ಹಾಗೆ, ಆಮೇಲೆ ಸ್ವಲ್ಪ ನಿಧಾನ, ಆಮೇಲೆ ಇನ್ನೂ ನಿಧಾನ. ಸಿಳ್ಳೆಯಿಲ್ಲ. ಅದು ತಗ್ಗಿದ ಹಾಗೆ ನನ್ನದೂ ತಗ್ಗಿತು. ಪರದೆಯ ಸದ್ದು ಯಾವಾಗ ಸಾವಕಾಶವಾಯಿತೋ ತಿಳಿಯಲಿಲ್ಲ. ಮಧುಶ್ರೀ ಡಾಕ್ಟರು ಯಾವ ಮಾತೂ ಆಡದೆ ನನ್ನ ಕೈಯ ಕಟ್ಟು ಬಿಚ್ಚಿದರು. ಕೊಳವೆಯ ಸುತ್ತ ಗಾಳಿ ಕಟ್ಟಿದ್ದ ಪುಟ್ಟ ಬಲೂನನ್ನು ಸಿರಿಂಜಿನಿಂದ ಎಳೆದು ಇಳಿಸಿ, ಬಗ್ಗಿ ಕಿವಿಕೊಟ್ಟರು. ಕೊಳವೆಯ ಪಕ್ಕದಿಂದ ಗಾಳಿ ಸುಯ್ಯೆಂದಿತು. ದಾರಿ ತೆರೆದಿದೆ ಅಂತ ಅದರ ಅರ್ಥವಂತೆ, ಆಕೆಯ ಕಣ್ಣು ನಕ್ಕಿತು.

"ಈಗ ಒಂದು ದೊಡ್ಡ ಉಸಿರು ಅಜ್ಜಿ. ಎಳೀರಿ. ಈಗ ಕೆಮ್ಮಿ!"

ಕೊಳವೆ ಹೊರಗೆ ಬಂತು. ಗಂಟಲೆಲ್ಲ ಬೆಂಕಿ. ಕೆಮ್ಮಿದೆ, ಉಗುಳಿದೆ, ಮುಂದಿನ ಉಸಿರು ಬರುತ್ತದೋ ಇಲ್ಲವೋ ಅಂತ ಒಂದು ಕ್ಷಣ ಎಲ್ಲರ ಜೊತೆ ನಾನೂ ಕಾದೆ. ಬಂತು. ಸಿಳ್ಳೆಯಿಲ್ಲದೆ ಬಂತು. ಇನ್ನೊಂದು ಬಂತು. ಬಟ್ಟಲಿನಿಂದ ಆಕ್ಸಿಜನ್ ಹಿಡಿದರು.

"ದನಿ ನೋಡಬೇಕು. ಏನಾದ್ರೂ ಮಾತಾಡಿ ಅಜ್ಜಿ" ಅಂದರು ಡಾಕ್ಟರು.

ನಾನು ಬಟ್ಟಲು ಸರಿಸಿ ದಿಂಬಿನ ಮೇಲಿದ್ದ ಫೋನಿನ ಕಡೆ ತಿರುಗಿದೆ. "ರೀ" ಅಂದೆ. ಬಾಗಿಲ ಕೀಲಿನ ಹಾಗೆ ಬಂತು ದನಿ. "ಮೆಟ್ಲು ಹತ್ಬೇಡಿ. ಬಸ್ಸಲ್ಲಿ ಇಳೀರಿ."

ಆ ಕಡೆ ಕೋತಿಯ ಕಥೆ ಅರ್ಧಕ್ಕೆ ನಿಂತಿತು. "ಯಾರಮ್ಮ ಮಾತಾಡ್ತಿರೋದು?"

"ನಾನು ಕಣ್ರೀ."

ಆ ಕಡೆ ಮೂಗು ಒರೆಸಿಕೊಂಡ ಸದ್ದು. ಆಮೇಲೆ, "ಎಂಗದೆ ನಿನ್ನ ದನಿ, ಹಳೇ ಪಂಪಿನಂಗೆ" ಅಂದರು. "ಇನ್ನೇನು ಬಂದೇಬುಟ್ಟಿವ್ನಿ ಕಣೇ. ಹರಕೆ ಅರ್ಧಕ್ಕೆ ಬುಡಬಾರ್ದು. ತಾಯಿ ಕಾಯ್ತಾ ಕೂತವ್ಳೆ."

"ಅವಳು ಕಾಯ್ತಾಳೆ. ನಾನು ಕಾಯಲ್ಲ."

"ನಾಳೆ ಬಂದು ಇಲ್ಲಿಂದ್ಲೇ ಹತ್ಲಾ ಹಂಗಾರೆ?"

"ಇಬ್ರೂ ಹೋಗೋಣ. ಬಸ್ಸಲ್ಲಿ."

ಮಂಡಿ ಹಿಡಿದು ಏಳುವಾಗ ಅವರು ಯಾವಾಗಲೂ ಅನ್ನುವ "ಶಿವನೇ" ಕೇಳಿಸಿತು. ವಾಣಿ ಫೋನು ತೆಗೆದುಕೊಳ್ಳಲು ಕೈ ಚಾಚಿದಳು. ನಾನು ಅವಳ ಕೈ ತಡೆದು, ಆ ಹೆಜ್ಜೆ ಮೇಲಕ್ಕೆ ಹೋಗುತ್ತಿದೆಯೋ ರಸ್ತೆಯ ಕಡೆಗೋ ಅಂತ ಕಿವಿಯಿಟ್ಟು ಕೇಳುತ್ತ ಮಲಗಿದೆ. ಕೋತಿಯನ್ನು ಬೈದದ್ದು ಕೇಳಿಸಿತು. ಯಾರನ್ನೋ "ಬಸ್ಸು ಇಲ್ಲಿ ನಿಲ್ತದೇನಪ್ಪ?" ಅಂತ ಕೇಳಿದ್ದು ಕೇಳಿಸಿತು. ಬಸ್ಸಿನ ಸದ್ದು ಇನ್ನೂ ಕೇಳಿಸಿರಲಿಲ್ಲ.